ಹೊನ್ನೆ ಎಣ್ಣೆಯ ಹುಳಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಯಿ, ಅಂದರೆ ನನ್ನ ತಾಯಿ, ಹೇಳುತ್ತಿದ್ದಳು. ಸುಳ್ಳಲ್ಲ. ಕಾರವಾರದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದಾಗ, ಪಿಪೆಟ್ ಒಡೆದವರಿಗಿಂತ ಪಿಪೆಟ್ ತೊಳೆಯದೆ ಇಟ್ಟವರಿಗೆ ನನ್ನಿಂದ ಹೆಚ್ಚು ಬೈಗುಳ ಸಿಗುತ್ತಿತ್ತು. ಒಡೆದರೆ ಒಂದು ಗಾಜು ಹೋಯಿತು, ತೊಳೆಯದಿದ್ದರೆ ಇಡೀ ದಿನದ ಪ್ರಯೋಗವೇ ಹೋಯಿತು ಅನ್ನುವುದು ನನ್ನ ವಾದ. ಇಷ್ಟು ಶುದ್ಧಿಯ ಮಾತಾಡುವವಳು ನನ್ನ ಸ್ವಂತ ಪ್ರಯೋಗವನ್ನು ಆರು ತಿಂಗಳು ಹೇಗೆ ಕೆಡಿಸಿಕೊಂಡೆ, ಆ ಸಿಟ್ಟನ್ನು ಹೋಗಿ ಯಾರ ಮೇಲೆ ತೀರಿಸಿಕೊಂಡೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆದರೂ ನನ್ನ ಬದುಕಿನಲ್ಲಿ ಏನಾದರೂ ಒಳ್ಳೆಯದು ಶುರುವಾಗಿದ್ದರೆ ಅದು ಅಲ್ಲಿಂದಲೇ.

ತೊಂಬತ್ತರ ದಶಕದ ಆರಂಭ ಅದು. ಮನೆ ಅಂಕೋಲೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ನಾನು, ಆಯಿ ಇಬ್ಬರೇ. ಬೆಳಗ್ಗೆ ಬಸ್ ಹಿಡಿದರೆ ಅವರ್ಸೆ, ಅಮದಳ್ಳಿ, ತೋಡೂರು ದಾಟಿ, ಬಿಣಗಾ ಘಾಟಿಯ ತಿರುವುಗಳನ್ನು ಹಾದು ಕಾರವಾರ ಸೇರುವಷ್ಟರಲ್ಲಿ ಒಂದು ತಾಸಿಗೆ ಮೇಲಾಗುತ್ತಿತ್ತು. ಕೆಲಸ ಖಾಯಂ ಅಲ್ಲ. ಪ್ರತಿ ಜೂನ್‌ನಲ್ಲಿ ಹೊಸ ಆರ್ಡರ್ ಬರಬೇಕು. ಆ ವರ್ಷ ಪ್ರಾಂಶುಪಾಲರು ನನ್ನನ್ನು ಕೋಣೆಗೆ ಕರೆದು, ಮುಂದಿನ ಜೂನ್‌ನಿಂದ ಎಂ.ಫಿಲ್. ಇಲ್ಲದವರನ್ನು ಮುಂದುವರಿಸುವುದಿಲ್ಲವಂತೆ, ನಿಮ್ಮದು ಎಲ್ಲಿಗೆ ಬಂತು ಎಂದು ಕೇಳಿದರು. ನಾನು ಧಾರವಾಡದಲ್ಲಿ ಎಂ.ಫಿಲ್.ಗೆ ಹೆಸರು ಹಚ್ಚಿ ಆಗಲೇ ಬಹಳ ದಿನವಾಗಿತ್ತು. ಬರುವ ಮೇ ಕೊನೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ಆ ನೋಂದಣಿಯೂ ರದ್ದು, ಈ ನೌಕರಿಯೂ ಇಲ್ಲ. ನನಗೆ ಪಾಠ ಮಾಡುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅಡಿಗೆ ಕೂಡ ಅಷ್ಟಕ್ಕಷ್ಟೇ.

ಕೊಲ್ಲಿಯ ಯುದ್ಧದಿಂದ ಡೀಸೆಲ್‌ಗೆ ತತ್ವಾರ ಬಂದು, ಕೇಣಿಯ ಮೀನುಗಾರರು ಡಬ್ಬಿ ಹಿಡಿದು ಪೆಟ್ರೋಲ್ ಬಂಕಿನ ಮುಂದೆ ಸಾಲು ನಿಂತದ್ದನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಅದನ್ನು ಧಾರವಾಡದಲ್ಲಿ ನನ್ನ ಗೈಡ್ ಆಗಿದ್ದ ಹಿರಿಯ ಪ್ರೊಫೆಸರರಿಗೆ ಹೇಳಿದಾಗ ಅವರು ಕನ್ನಡಕ ತೆಗೆದಿಟ್ಟು, “ನಿಮ್ಮ ಕಡೆ ತಿನ್ನಾಕ ಬರಲಾರದ ಎಣ್ಣಿ ಯಾವ್ದರ ಅದ ಏನವಾ?” ಎಂದು ಕೇಳಿದರು. ಹೊನ್ನೆ ಎಣ್ಣೆ ಎಂದೆ. ನಮ್ಮ ಕರಾವಳಿಯಲ್ಲಿ ಕಡಲ ದಂಡೆಗೂ ಹೊಳೆಯ ದಂಡೆಗೂ ಹೊನ್ನೆ ಮರಗಳಿವೆ. ಕರೆಂಟು, ಚಿಮಣಿ ಎಣ್ಣೆ ಬರುವ ಮೊದಲು ಮನೆಗಳ ದೀಪ ಉರಿಯುತ್ತಿದ್ದದ್ದು ಅದರ ಕಾಯಿಯ ಎಣ್ಣೆಯಿಂದ. ಹಸಿರು ಬಣ್ಣ, ಮಂದ, ಒಂದು ಥರದ ಘಾಟು. “ಅದನ್ನ ಹಿಡಿ,” ಎಂದರು ಪ್ರೊಫೆಸರು.

ಎಣ್ಣೆಯನ್ನು ಹಾಗೆಯೇ ಎಂಜಿನ್‌ಗೆ ಸುರಿದರೆ ಮಂದವಾಗಿ ಕಟ್ಟಿಕೊಳ್ಳುತ್ತದೆ. ಮೆಥನಾಲ್ ಜೊತೆ ಕಾಯಿಸಿ ಅದರ ಅಣುಗಳನ್ನು ಬಿಡಿಸಿಟ್ಟರೆ ತೆಳ್ಳಗಾಗಿ ಡೀಸೆಲ್‌ನ ಕೆಲಸ ಮಾಡುತ್ತದೆ. ಆದರೆ ಹೊನ್ನೆ ಎಣ್ಣೆಯಲ್ಲಿ ಹುಟ್ಟಾ ಹುಳಿ, ಅಂದರೆ ಆಮ್ಲ, ಹೆಚ್ಚು. ಆ ಹುಳಿ ಇರುವಾಗಲೇ ಕ್ಷಾರ ಹಾಕಿದರೆ ಆಗುವುದು ಡೀಸೆಲ್ ಅಲ್ಲ, ಸಾಬೂನು. ಹಾಗಾಗಿ ಮೊದಲ ಹಂತದಲ್ಲಿ ಮೆಥನಾಲ್ ಮತ್ತು ಸ್ವಲ್ಪ ಗಂಧಕಾಮ್ಲ ಹಾಕಿ ಆ ಹುಳಿಯನ್ನೇ ಇಳಿಸಬೇಕು. ಹುಳಿ ಇಳಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಎಷ್ಟು ಬೇಗ ಇಳಿಯುತ್ತದೆ, ಶಾಖ ಹೆಚ್ಚಿಸಿದರೆ ಆ ಬೇಗ ಎಷ್ಟು ಹೆಚ್ಚುತ್ತದೆ, ಅದು ನನ್ನ ಪ್ರಬಂಧ. ಮೂರು ಬೇರೆ ಬೇರೆ ಉಷ್ಣತೆ, ಪ್ರತಿಯೊಂದರಲ್ಲೂ ಮೂರು ಸಲ, ಒಟ್ಟು ಒಂಬತ್ತು ಪ್ರಯೋಗ. ಹತ್ತು ನಿಮಿಷಕ್ಕೊಮ್ಮೆ ಫ್ಲಾಸ್ಕಿನಿಂದ ಚೂರು ತೆಗೆದು ಮಂಜಿನಲ್ಲಿಟ್ಟ ಆಲ್ಕೋಹಾಲ್‌ಗೆ ಹಾಕಿ ಕ್ರಿಯೆ ನಿಲ್ಲಿಸುವುದು, ಬ್ಯೂರೆಟ್‌ನಿಂದ ಕ್ಷಾರ ಬಿಟ್ಟು ಗುಲಾಬಿ ಬಣ್ಣ ನಿಲ್ಲುವವರೆಗೆ ಅಳೆಯುವುದು. ಉಳಿದ ಹುಳಿ ಎಷ್ಟೆಂದು ಅದರಿಂದ ತಿಳಿಯುತ್ತದೆ. ಅದನ್ನು ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿದರೆ ಒಂದು ನೆಟ್ಟಗಿನ ಗೆರೆ ಬರಬೇಕು. ಒಂದೇ ಉಷ್ಣತೆಯ ಮೂರು ಗೆರೆಗಳು ಒಂದರ ಮೇಲೊಂದು ಕೂರಬೇಕು. ಇಷ್ಟೇ.

ಎಣ್ಣೆ ಎಲ್ಲಿ ಸಿಗುತ್ತದೆ ಎಂದು ಅಂಕೋಲೆ ಪೇಟೆಯಲ್ಲೆಲ್ಲ ಕೇಳಿದೆ. ಈಗ ಯಾರು ಮಾಡಿಸ್ತಾರೆ ಅದನ್ನು ಎಂದು ನಕ್ಕರು. ಕಡೆಗೆ ತರಕಾರಿ ಮಾರುವ ಹೆಂಗಸೊಬ್ಬಳು, ಮಂಜಗುಣಿಯಲ್ಲಿ ಒಬ್ಬ ಅಜ್ಜಿ ಇನ್ನೂ ತುಳಸಿ ಮುಂದಿನ ದೀಪಕ್ಕೆ ಅದನ್ನೇ ಹಾಕುತ್ತಾಳೆ ಎಂದಳು. ದೀಪಾವಳಿ ಕಳೆದ ಮೊದಲ ಭಾನುವಾರ ಬಸ್ಸಿಳಿದು, ಗಂಗಾವಳಿ ಹೊಳೆಯ ದಂಡೆ ಹಿಡಿದು ಹೋದೆ. ಅಂಗಳದ ತುಂಬ ಹೊನ್ನೆ ಕಾಯಿ ಹರವಿತ್ತು. ಕಚ್ಚೆ ಸೀರೆಯ, ತೆಳ್ಳನೆಯ, ಅರವತ್ತು ದಾಟಿದ ಹೆಂಗಸು ಕಲ್ಲಿನ ಮೇಲೆ ಕಾಯಿ ಇಟ್ಟು ಕೊಡತಿಯಿಂದ ಒಡೆಯುತ್ತಿದ್ದಳು. ದಿನವೆಲ್ಲ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡಿ, ಉಳಿದ ಹೊತ್ತಿನಲ್ಲಿ ಈ ಕೆಲಸ. ಒಡೆದ ತಿರುಳನ್ನು ಕಂದು ಬಣ್ಣ ಬರುವವರೆಗೆ ಒಣಗಿಸಿ, ಹತ್ತಿರದ ಕೇರಿಯ ಎತ್ತಿನ ಗಾಣಕ್ಕೆ ತಾನೇ ಹೊತ್ತೊಯ್ದು ಎಣ್ಣೆ ತೆಗೆಸುತ್ತಿದ್ದಳು.

ನಾನು ಬಂದ ಕಾರಣ ಹೇಳಿದೆ.

“ಡೀಸೆಲ್ ಆತದ್ಯೆ ಇದು?” ಎಂದು ಕೇಳಿದಳು.

“ಆಗ್ಬಹುದು ಅಜ್ಜಿ. ನೋಡ್ಬೇಕು.”

“ಕರೆಂಟ್ ಬಂದ್ಮೇಲೆ ನನ್ನ ಮನೆ ಸೊಸೆನೂ ಇದ್ನ ಮೂಸಿ ನೋಡೂದಿಲ್ಲ ಅಕ್ಕೋರೇ. ನೀವು ಕಾರವಾರದಿಂದ ಕೇಳ್ಕಂಡ್ ಬಂದ್ರಲೇ. ತಕ್ಕಂಡ್ ಹೋಗಿ.”

ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಅಕ್ಕೋರು ಎನ್ನುತ್ತಾರೆ. ಹಣ ಕೊಡಲು ಹೋದೆ, ಮುಟ್ಟಲಿಲ್ಲ. ಮುಚ್ಚಳವಿದ್ದ ಒಂದು ಅಲ್ಯೂಮಿನಿಯಂ ಕ್ಯಾನಿನಲ್ಲಿ ಎಣ್ಣೆ ತುಂಬಿ ಕೊಟ್ಟಳು, ಕ್ಯಾನು ಮಾತ್ರ ವಾಪಸ್ ಬೇಕು ಎಂದಳು. ಮುಂದಿನ ಸಲ ಅದರ ಜೊತೆ ನಮ್ಮ ಮನೆಯ ಅಂಥದೇ ಒಂದು ಖಾಲಿ ಕ್ಯಾನನ್ನೂ ಒಯ್ದು, ಎಣ್ಣೆಯನ್ನು ಅದರಲ್ಲಿ ತಂದೆ. ಆಮೇಲಿಂದ ಮೂರ್ನಾಲ್ಕು ವಾರಕ್ಕೊಮ್ಮೆ ನಾನು ಒಂದನ್ನು ಒಯ್ದು ಕೊಡುವುದು, ಅವಳು ತುಂಬಿಟ್ಟ ಇನ್ನೊಂದನ್ನು ತರುವುದು. ಎರಡು ತಿಂಗಳಲ್ಲಿ ಅಜ್ಜಿಯ ಬಾಯಲ್ಲಿ ನಾನು ಅಕ್ಕೋರು ಹೋಗಿ ತಂಗಿ ಆದೆ. ಬಂದ ಕೂಡಲೇ ನೀರು, ಬೆಲ್ಲ, ಆಮೇಲೆ ಪ್ರಶ್ನೆ. “ಹುಳಿ ಇಳೀತ್ಯೆ ತಂಗೀ?” ಅಷ್ಟು ಸರಿಯಾದ ಪ್ರಶ್ನೆಯನ್ನು ಕಾಲೇಜಿನಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ.

ಮೊದಲೆರಡು ಕ್ಯಾನುಗಳ ಎಣ್ಣೆ ಬಂಗಾರದಂತೆ ನಡೆದುಕೊಂಡಿತು. ಗೆರೆ ನೆಟ್ಟಗೆ ಬಂತು. ನಾನು ಆ ವಾರ ವಿದ್ಯಾರ್ಥಿಗಳನ್ನು ಬೈಯಲೇ ಇಲ್ಲ ಎಂದು ಅವರು ಆಶ್ಚರ್ಯಪಟ್ಟರಂತೆ. ಮೂರನೆಯದು ಬಂತು, ಹುಳಿ ಏಕಾಏಕಿ ಹೆಚ್ಚಿತ್ತು. ಹುಳಿ ಹೆಚ್ಚಿದ್ದಷ್ಟೂ ಅದು ಇಳಿಯುವಾಗ ನೀರು ಹೆಚ್ಚು ಹುಟ್ಟುತ್ತದೆ, ನೀರು ಹೆಚ್ಚಿದಷ್ಟೂ ಅದು ಕ್ರಿಯೆಯನ್ನು ಹಿಂದಕ್ಕೆ ಎಳೆಯುತ್ತದೆ. ಗೆರೆ ಬಾಗಿತು. ನಾಲ್ಕನೆಯದು ಸರಿಯಾಯಿತು, ಐದನೆಯದು ಮತ್ತೆ ಕೆಟ್ಟಿತು, ಆರನೆಯದು ಅದಕ್ಕಿಂತ ಕೆಟ್ಟಿತು. ನಾನು ಗಾಜಿನ ಸಾಮಾನನ್ನೆಲ್ಲ ಮತ್ತೆ ತೊಳೆದೆ, ಓವನ್‌ನಲ್ಲಿ ಒಣಗಿಸಿದೆ, ಕ್ಷಾರದ ದ್ರಾವಣ ಹೊಸದು ಮಾಡಿದೆ, ಥರ್ಮಾಮೀಟರ್ ಬದಲಿಸಿದೆ, ಎಣ್ಣೆಯನ್ನು ಪ್ರತಿ ಸಲ ಕಾಯಿಸಿ ನೀರಿನಂಶ ಓಡಿಸಿದೆ. ಏನು ಮಾಡಿದರೂ ಅಷ್ಟೇ.

ಏಪ್ರಿಲ್‌ನಲ್ಲಿ ಧಾರವಾಡಕ್ಕೆ ಹೋಗಿ ಗ್ರಾಫುಗಳನ್ನು ಮೇಜಿನ ಮೇಲೆ ಹರವಿದೆ. ಪ್ರೊಫೆಸರು ಒಂದೊಂದಾಗಿ ನೋಡಿದರು.

“ಇದು ರಸಾಯನಶಾಸ್ತ್ರ ಅಲ್ಲವ್ವಾ, ಜ್ವರದ ಚಾರ್ಟು,” ಎಂದರು. “ನಿನ್ನ ಕೈ ಚೊಕ್ಕ ಅದ, ನನಗ ಗೊತ್ತದ. ಎಣ್ಣಿ ಕೊಡಾವ್ರು ಯಾರು? ಹಳೇ ಎಣ್ಣಿ ಕಲಸ್ತಾರೇನು ಕೇಳು.”

ಆ ಮಾತು ನನ್ನ ಕಿವಿಗೆ ಬಿದ್ದದ್ದೇ ತಡ, ನಾನು ಅದನ್ನು ಗಟ್ಟಿ ಹಿಡಿದುಕೊಂಡೆ. ಯಲ್ಲಾಪುರದ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಕೂತು ಅದನ್ನೇ ಮಥಿಸಿದೆ. ಹೌದು, ಕೇಳಿದಾಗಲೆಲ್ಲ ಕ್ಯಾನು ತುಂಬಿ ಕೊಡಲು ಅಷ್ಟು ಎಣ್ಣೆ ಎಲ್ಲಿಂದ ಬರುತ್ತದೆ? ಮಳೆಗಾಲದ ಹಳೆಯ ಎಣ್ಣೆ ಎಲ್ಲೋ ಮೂಲೆಯಲ್ಲಿರುತ್ತದೆ, ಸಾಲದೆ ಬಂದಾಗ ಸುರಿಯುತ್ತಾಳೆ. ಕೈಯಲ್ಲಿ ಒಂದೂವರೆ ತಿಂಗಳು ಉಳಿದಿತ್ತು. ನನ್ನ ಅನ್ನಕ್ಕೆ ಕಲ್ಲು ಬೀಳುತ್ತಿರುವುದು ಮಂಜಗುಣಿಯಿಂದ ಎಂದು ತೀರ್ಮಾನ ಮಾಡಿಕೊಂಡೇ ಅಂಕೋಲೆಯಲ್ಲಿ ಇಳಿದೆ.

ಮರುದಿನವೇ ಭಾನುವಾರ. ಅಜ್ಜಿ ಎಂದಿನಂತೆ ನೀರು, ಬೆಲ್ಲ ತಂದಿಟ್ಟಳು. ನಾನು ಮುಟ್ಟಲಿಲ್ಲ.

“ಅಜ್ಜಿ, ಸತ್ಯ ಹೇಳಿ. ಹಳೆ ಎಣ್ಣೆ ಕಲಸ್ತೀರಾ ಇದಕ್ಕೆ?”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ನನ್ನ ಕೆಲಸ ಹೋಗ್ತದೆ, ಆರು ತಿಂಗಳ ಶ್ರಮ ನೀರಿಗೆ ಹೋಯ್ತು, ಕಲಸಿದ್ದರೆ ಕಲಸಿದ್ದೇನೆ ಎಂದಾದರೂ ಹೇಳಬಾರದಿತ್ತೇ ಎಂದು ಒಂದೇ ಉಸಿರಿಗೆ ಹೇಳಿದೆ. ದನಿ ಏರಿತ್ತು. ಒಳಗಿನಿಂದ ಸೊಸೆ ಬಂದು ಬಾಗಿಲಲ್ಲಿ ನಿಂತಳು.

ಅಜ್ಜಿ ಕೊಡತಿ ಕೆಳಗಿಟ್ಟಳು. “ದೇವ್ರ ಮುಂದೆ ಹಚ್ಚೂ ಎಣ್ಣೆ ಅದು,” ಎಂದಳು ಮೆತ್ತಗೆ. “ಅದ್ರಲ್ಲಿ ನಾ ಕಲಬೆರಕೆ ಮಾಡೂದಿಲ್ಲ. ನಿಮ್ಗೆ ನಂಬ್ಕೆ ಇಲ್ಲ ಅಂದ್ರೆ ಬ್ಯಾಡ ಅಕ್ಕೋರೇ. ಬ್ಯಾರೆ ಕಡೆ ನೋಡ್ಕಣಿ.”

ನಾನು ತಂದ ಕ್ಯಾನನ್ನು ಒಳಗೊಯ್ದು, ಅದರಲ್ಲಿದ್ದದ್ದನ್ನು ತೆಗೆದಿಟ್ಟು, ತೊಳೆದು ತಂದು ನನ್ನ ಕಾಲ ಬಳಿ ಇಟ್ಟಳು. ತುಂಬಿಟ್ಟಿದ್ದ ಕ್ಯಾನನ್ನು ಕೊಡಲಿಲ್ಲ. ಮತ್ತೆ ಅಕ್ಕೋರು ಎಂದದ್ದು ನನಗೆ ಬಸ್ ಸ್ಟಾಪಿನವರೆಗೂ ಚುಚ್ಚಿತು. ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಮನೆಗೆ ಬಂದು ಖಾಲಿ ಕ್ಯಾನನ್ನು ಕಟ್ಟೆಯ ಮೇಲೆ ಕುಕ್ಕಿದೆ. ಆಯಿ ಅಕ್ಕಿ ಆರಿಸುತ್ತಿದ್ದಳು. ಏನಾಯಿತೆಂದು ಕೇಳಿದಳು, ಹೇಳಿದೆ. ಅವಳು ಮೊರ ಕೆಳಗಿಟ್ಟು ನನ್ನನ್ನು ನೋಡಿದಳು.

“ಆ ಮುದುಕಿಗೆ ಹಾಂಗೆ ಹೇಳಿ ಬಂದ್ಯಾ ನೀನು? ನಿನ್ನ ನಾಲಗೆಗೆ ಬರೆ ಹಾಕ್ಬೇಕು.”

“ಮತ್ತೆ ಒಂದು ಸಲ ಚೆನ್ನಾಗಿ, ಒಂದು ಸಲ ಹುಳಿಯಾಗಿ ಹ್ಯಾಂಗೆ ಬರ್ತದೆ?”

“ಯಾವಾಗ ಹುಳಿ, ಯಾವಾಗ ಚೆನ್ನಾಗಿ? ಬರ್ದಿಟ್ಟಿದ್ಯಲ್ಲ, ಓದು.”

ಬೇಕೆಂದೇ ಮುಖ ಉಬ್ಬಿಸಿಕೊಂಡು ಪುಸ್ತಕ ತೆಗೆದೆ. ಪ್ರತಿ ಕ್ಯಾನು ತಂದ ದಿನ, ಅದರ ಹುಳಿ ಎಷ್ಟು ಎಂದು ಬರೆದಿತ್ತು. ಮೂರನೆಯ ಕ್ಯಾನು, ಸಂಕ್ರಾಂತಿಯ ಹಿಂದಿನ ಭಾನುವಾರ ತಂದದ್ದು, ಕೆಟ್ಟದು ಎಂದೆ. ಆಯಿ ಸ್ವಲ್ಪ ಯೋಚಿಸಿ, “ಆ ದಿನ ಅವಲಕ್ಕಿ ಕಳ್ಸಿದ್ದೆ,” ಎಂದಳು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಒಬ್ಬರ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಕಳಿಸುವ ಪದ್ಧತಿ ಇಲ್ಲ. ಒಂದು ಹಿಡಿ ಅಕ್ಕಿಯಾದರೂ ಸರಿ, ಏನಾದರೂ ಹಾಕಿಯೇ ಕಳಿಸಬೇಕು. ಅಜ್ಜಿ ಹಣ ಮುಟ್ಟುವುದಿಲ್ಲ ಎಂದು ತಿಳಿದ ಮೇಲಂತೂ ಆಯಿ ಕ್ಯಾನನ್ನು ಕಂಠಮಟ್ಟ ತುಂಬಿಸಿಯೇ ಕಳಿಸುತ್ತಿದ್ದಳು. ಅದನ್ನು ಹೊತ್ತು ಬಸ್ ಹತ್ತುತ್ತಿದ್ದವಳು ನಾನೇ. ಒಳಗೆ ಏನಿದೆ ಎಂದು ಒಂದು ದಿನವೂ ನೋಡಿದವಳಲ್ಲ. ಆಯಿಗೆ ಮಾತ್ರ ಪ್ರತಿಯೊಂದೂ ನೆನಪಿತ್ತು, ಯಾಕೆಂದರೆ ಹಿಂದಿನ ಸಲ ಕಳಿಸಿದ್ದನ್ನೇ ಮತ್ತೆ ಕಳಿಸಿದರೆ ಚೆಂದವಲ್ಲವಂತೆ.

“ನಾಲ್ಕನೇದು?”

“ಚೆನ್ನಾಗಿತ್ತು.”

“ಅವತ್ತು ಮಜ್ಜಿಗೆ. ನಿನ್ನ ಮಾವ ಬರ್ತೆ ಅಂದವ ಬರ್ಲಿಲ್ಲ, ಕಡೆದದ್ದು ಹಾಂಗೇ ಉಳಿದಿತ್ತು.”

“ಐದನೇದು ಕೆಟ್ಟದ್ದು. ಆರನೇದು ಇನ್ನೂ ಕೆಟ್ಟದ್ದು.”

“ಐದಕ್ಕೂ ಮಜ್ಜಿಗೆ. ಬಿಸಿಲು ಶುರುವಾಗಿತ್ತಲ್ಲ, ಬೇಗ ಹೆಪ್ಪಾಗ್ತಿತ್ತು. ಆರಕ್ಕೆ ಹುರಿದ ಗೋಡಂಬಿ.”

ಮಜ್ಜಿಗೆ ಹೋದ ಒಂದು ದಿನದ ಎಣ್ಣೆ ಚೆನ್ನಾಗಿದೆ, ಇನ್ನೊಂದು ದಿನದ್ದು ಕೆಟ್ಟಿದೆ, ಗೋಡಂಬಿ ಹೋದ ದಿನದ್ದೂ ಕೆಟ್ಟಿದೆ. ಇದರಲ್ಲಿ ಏನೂ ಇಲ್ಲ ಎಂದು ಪುಸ್ತಕ ಮುಚ್ಚಿದೆ. ಆಯಿ ನನ್ನ ಕೈ ಹಿಡಿದಳು.

“ತಡಿ. ನಾನು ಈ ಸಲ ತುಂಬ್ಸಿ ಕಳ್ಸಿದ ಕ್ಯಾನು ಎಣ್ಣೆ ತುಂಬ್ಕೊಂಡು ಬರೂದು ಮುಂದಿನ ಸಲ ಅಲ್ವೆ?”

 ಪುಸ್ತಕ ತೆರೆದು ಪಟ್ಟಿಯನ್ನು ಒಂದು ಸಲದಷ್ಟು ಮುಂದೆ ಸರಿಸಿದೆ. ನಾಲ್ಕನೆಯ ಸಲ ಕಳಿಸಿದ ಮಜ್ಜಿಗೆಯ ಕ್ಯಾನು ಐದನೆಯದಾಗಿ ಬಂತು, ಕೆಟ್ಟದು. ಐದನೆಯ ಸಲದ ಮಜ್ಜಿಗೆ ಆರನೆಯದಾಗಿ ಬಂತು, ಕೆಟ್ಟದು. ಮೂರನೆಯ ಸಲ ಹೋದ ಅವಲಕ್ಕಿಯ ಕ್ಯಾನು ನಾಲ್ಕನೆಯದು, ಒಳ್ಳೆಯದು. ಮೊದಲೆರಡು ನಮ್ಮ ಮನೆಯ ತಿನಿಸು ಕಾಣದ ಕ್ಯಾನುಗಳು, ಒಳ್ಳೆಯವು. ಮೂರನೆಯದು ಮಾತ್ರ ಉಳಿಯಿತು. ಅದೂ ಕೆಟ್ಟದ್ದೇ, ಅದಕ್ಕೆ ಹಿಂದಿನ ಸಲ ಏನು ಹೋಗಿತ್ತು ಎಂದು ಕೇಳಿದೆ. 

“ಮುರುಗಲ ಹುಳಿಯ ಸಾರು,” ಎಂದಳು ಆಯಿ. “ಅಜ್ಜಿಗೆ ಪಿತ್ತ ಅಂತ ನೀನೇ ಹೇಳಿದ್ಯಲ್ಲ.”

ಅಜ್ಜಿ ಕೊಳೆ ಕ್ಯಾನಿಗೆ ಎಣ್ಣೆ ತುಂಬುವವಳಲ್ಲ. ಅವಲಕ್ಕಿಯಂಥ ಒಣ ಪದಾರ್ಥ ಹೋಗಿದ್ದರೆ ಬಟ್ಟೆಯಿಂದ ಒರೆಸಿ, ಹಸಿಯದಾದರೆ ತೊಳೆದು, ಬೋರಲು ಹಾಕಿ, ಅದೇ ದಿನ ತುಂಬುತ್ತಿದ್ದಳು. ಆದರೆ ನಮ್ಮ ಕರಾವಳಿಯ ಹವೆಯಲ್ಲಿ ಯಾವ ಪಾತ್ರೆ ತಾನೇ ಪೂರ್ತಿ ಒಣಗುತ್ತದೆ? ಕಂಠದ ಮಡಿಕೆಯಲ್ಲಿ ನಾಲ್ಕು ಹನಿ ಮಜ್ಜಿಗೆ ನೀರು ಉಳಿದರೆ ಸಾಕು. ಮೂರ್ನಾಲ್ಕು ವಾರ ಮುಚ್ಚಳ ಹಾಕಿಟ್ಟ ಎಣ್ಣೆ ಆ ಸೆಕೆಯಲ್ಲಿ ಒಳಗೊಳಗೇ ಒಡೆದು ಹುಳಿ ಹೆಚ್ಚಿಸಿಕೊಳ್ಳುತ್ತಿತ್ತು. ನಾನು ಲ್ಯಾಬಿನಲ್ಲಿ ಕಾಯಿಸಿ ನೀರನ್ನು ಓಡಿಸುತ್ತಿದ್ದೆ, ನೀರು ಅಷ್ಟು ದಿನ ಕೂತು ಮಾಡಿಟ್ಟ ಹುಳಿಯನ್ನು ಓಡಿಸಲು ಬರುವುದಿಲ್ಲ. ಪಿಪೆಟ್ ತೊಳೆಯದ ಹುಡುಗರನ್ನು ಬೈದು ಬೈದು ಇಟ್ಟ ನಾನು, ಎಣ್ಣೆಯ ಕ್ಯಾನನ್ನು ಪ್ರಯೋಗದ ಪಾತ್ರೆ ಎಂದು ಎಣಿಸಿಯೇ ಇರಲಿಲ್ಲ. ಅದು ಅಡಿಗೆಮನೆಯ ಸಾಮಾನು, ಆಯಿಯ ಲೆಕ್ಕದ್ದು ಅನ್ನುವುದು ನನ್ನ ತಲೆಯಲ್ಲಿ.

ನನಗೆ ಅಳು ಬಂತು. ಕಾರಣ ಸಿಕ್ಕಿತೆಂಬ ಸಂತೋಷವೂ ಅದರಲ್ಲಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಹೆಚ್ಚಾಗಿ ನಾಚಿಕೆ. ಆಯಿ ತಾನೂ ತಪ್ಪಿತಸ್ಥಳೆಂಬಂತೆ ಮೊರ ಬದಿಗೆ ಸರಿಸಿ, “ನಾನೂ ಬರ್ತೆ ನಿನ್ನ ಸಂಗಡ,” ಎಂದಳು.

ಮರುದಿನ ರಜೆ ಹಾಕಿ ಇಬ್ಬರೂ ಮಂಜಗುಣಿಗೆ ಹೋದೆವು. ಆಯಿ ಅಜ್ಜಿಯನ್ನು ಅದುವರೆಗೆ ನೋಡಿದವಳಲ್ಲ. ಅಜ್ಜಿ ಅಂಗಳದಲ್ಲೇ ಇದ್ದಳು. ನಮ್ಮನ್ನು ನೋಡಿ ಎದ್ದಳು, ಬನ್ನಿ ಎನ್ನಲಿಲ್ಲ.

 “ಅಜ್ಜಿ, ತಪ್ಪು ನನ್ನದು,” ಎಂದೆ. “ನಮ್ಮ ಮನೆಯಿಂದ ಹಸಿ ಪದಾರ್ಥ ಹಾಕಿ ಕಳಿಸಿದ ಕ್ಯಾನಿನಲ್ಲಿ ಎಣ್ಣೆ ಹುಳಿಯಾಗ್ತಿತ್ತು. ನಿಮ್ಮ ಎಣ್ಣೆ ಮೊದಲ ದಿನದಿಂದ ಒಂದೇ ಥರ ಇತ್ತು. ನಾನು ನೋಡದೆ ಬಾಯಿಗೆ ಬಂದದ್ದು ಅಂದುಬಿಟ್ಟೆ.”

ಅವಳು ಕೈಯ ಧೂಳು ಕೊಡವಿಕೊಂಡಳು. “ತಪ್ಪಾಯ್ತು ಹೇಳೂಕೆ ಬಂದ್ರಾ, ಎಣ್ಣೆ ಕೇಳೂಕೆ ಬಂದ್ರಾ?”

ಸುಳ್ಳು ಹೇಳಬಹುದಿತ್ತು. “ಎರಡಕ್ಕೂ,” ಎಂದೆ.

ಅಜ್ಜಿಯ ಮುಖದಲ್ಲಿ ಏನೋ ಸಡಿಲಾಯಿತು. ಆಯಿಯ ಕಡೆ ತಿರುಗಿ, “ಮಜ್ಜಿಗೆ ಕಳ್ಸ್ತಿದ್ದೋರು ನೀವೇ ಏನು?” ಎಂದು ಕೇಳಿದಳು. ಆಯಿ ಹೌದೆಂದಳು. “ಶುಂಠಿ ಲಾಯಕ್ ಹಾಕ್ತಿದ್ರಿ,” ಎಂದಳು ಅಜ್ಜಿ. “ನಿಮ್ಮ ಮಗಳ ಬಾಯಿಗೂ ಚೂರು ಮಜ್ಜಿಗೆ ಹೊಯ್ದಿದ್ರೆ ತಂಪಾಗ್ತಿತ್ತು.” ಇಬ್ಬರೂ ನಕ್ಕರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಆಮೇಲೆ ಅವರು ಜಗಲಿಯ ಮೇಲೆ ಕೂತು, ಆರು ತಿಂಗಳು ತಿಂದದ್ದು, ಕಳಿಸಿದ್ದು, ಯಾವುದಕ್ಕೆ ಉಪ್ಪು ಹೆಚ್ಚಾಗಿತ್ತು, ಎಲ್ಲ ಮಾತಾಡಿದರು. ಎಷ್ಟೋ ವರ್ಷದ ಗುರುತಿನವರ ಹಾಗೆ ಮಾತಾಡಿದರು.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಕಾಯಿಯ ಕಾಲ ಮುಗಿದಿತ್ತು, ತುಂಬಿಟ್ಟಿದ್ದ ಕ್ಯಾನಿನ ಎಣ್ಣೆಯನ್ನೂ ಇನ್ನು ನಂಬುವಂತಿರಲಿಲ್ಲ. ಅಜ್ಜಿಯ ಬಳಿ ಕೊನೆಯ ಒಂದು ಬುಟ್ಟಿ ತಿರುಳು ಉಳಿದಿತ್ತು, ಅದೂ ತುಳಸಿಯ ದೀಪಕ್ಕೆ ಮಳೆಗಾಲ ಕಳೆಯಲೆಂದು ಎತ್ತಿಟ್ಟದ್ದು. ಲೆಕ್ಕ ಹಾಕಿದೆ. ಅದರ ಎಣ್ಣೆ ಒಂಬತ್ತು ಪ್ರಯೋಗಕ್ಕೆ ಸರಿಯಾಗಿ ಸಾಕು, ಹತ್ತನೆಯದಕ್ಕೆ ಇಲ್ಲ. ಒಂದು ತಪ್ಪಿದರೂ ಆ ವರ್ಷ ಹೋಯಿತು, ನೌಕರಿ ಹೋಯಿತು.

“ದೇವ್ರಿಗೆ ಈ ಮಳೆಗಾಲ ಕೊಬ್ರಿ ಎಣ್ಣೆ ಹಚ್ತೆ,” ಎಂದಳು ಅಜ್ಜಿ. “ಅಂವ ಏನೂ ಅನ್ನೂದಿಲ್ಲ. ನೀ ಸರೀ ಮಾಡು ತಂಗೀ.”

ಈ ಸಲ ನಾನು ಕಾಲೇಜಿನಿಂದ ಗಾಜಿನ ಬಾಟಲಿಗಳನ್ನು ಓವನ್‌ನಲ್ಲಿ ಒಣಗಿಸಿ, ಬಿರಡೆ ಹಾಕಿ ಒಯ್ದೆ. ಗಾಣದಿಂದ ಎಣ್ಣೆ ನೇರ ಅದಕ್ಕೇ ಇಳಿಯಿತು. ಕಾಲೇಜಿಗೆ ಬೇಸಿಗೆ ರಜೆ, ಲ್ಯಾಬಿನಲ್ಲಿ ನಾನೊಬ್ಬಳೇ. ಮಂಜಿಗೆ ಬಂದರಿನ ಐಸ್ ಫ್ಯಾಕ್ಟರಿಗೆ ಹೋಗಿ, ಮೀನಿನ ಬುಟ್ಟಿಗಳ ನಡುವೆ ನಿಂತು ಗಡ್ಡೆ ಕೊಂಡು, ಗೋಣಿಯಲ್ಲಿ ಸುತ್ತಿ ತರುತ್ತಿದ್ದೆ. ಲ್ಯಾಬೆಲ್ಲ ಬಂಗಡೆ ನಾತ. ಎರಡನೆಯ ದಿನದಿಂದ ಆಯಿಯೂ ಜೊತೆಗೆ ಬಂದಳು. ಗೋಡೆ ಗಡಿಯಾರದ ಎದುರು ಸ್ಟೂಲ್ ಹಾಕಿ ಕೂತು, “ಹತ್ತಾಯ್ತು,” “ಇಪ್ಪತ್ತಾಯ್ತು,” ಎಂದು ಹೇಳುವುದು ಅವಳ ಕೆಲಸ. ನಾನು ಬ್ಯೂರೆಟ್ ಬಿಡುವಾಗ ಹತ್ತಿರ ಬಂದು ಬಗ್ಗಿ ನೋಡುತ್ತಿದ್ದಳು. ಗುಲಾಬಿ ಬಣ್ಣ ನಿಂತದ್ದು ನನಗಿಂತ ಮೊದಲು ಅವಳಿಗೇ ಕಾಣುತ್ತಿತ್ತು. “ಸಾಕು, ಸಾಕು, ನಿಲ್ಸು,” ಎನ್ನುವಳು, ಒಗ್ಗರಣೆ ಹೊತ್ತಿಹೋಗುವ ಗಾಬರಿಯಲ್ಲಿ.

ಏಳನೆಯ ಪ್ರಯೋಗದ ದಿನ ಕರೆಂಟು ಹೋಯಿತು. ವಾಟರ್ ಬಾತ್ ತಣ್ಣಗಾಗತೊಡಗಿತು. ಐವತ್ತೈದು ಡಿಗ್ರಿಯಲ್ಲಿ ಒಂದು ತಾಸು ನಿಲ್ಲಿಸಬೇಕಿತ್ತು. ಮೆಥನಾಲ್ ಇದ್ದ ಜಾಗದಲ್ಲಿ ಬೆಂಕಿ ಹೊತ್ತಿಸುವಂತಿಲ್ಲ. ಆಯಿ ಪಕ್ಕದ ಕೋಣೆಗೆ ಹೋಗಿ, ಬಾಗಿಲು ಹಾಕಿ, ಸ್ಟೋ ಹಚ್ಚಿ ನೀರು ಕಾಯಿಸಿ ಚೊಂಬಿನಲ್ಲಿ ತಂದು ತಂದು ಕೊಟ್ಟಳು. ನಾನು ಥರ್ಮಾಮೀಟರ್ ನೋಡುತ್ತ ಒಂದು ಲೋಟ ಬಿಸಿ ಹಾಕುವುದು, ಒಂದು ಲೋಟ ತೆಗೆಯುವುದು. ಒಂದು ತಾಸು ಹಾಗೆ ನಿಂತೆವು.  ಎಣ್ಣೆ ಹೋದರೆ ಮತ್ತೆ ಸಿಗುವುದಿಲ್ಲ ಅನ್ನುವುದೊಂದೇ ತಲೆಯಲ್ಲಿ. ಪಾದರಸ ಅರ್ಧ ಡಿಗ್ರಿಯೂ ಅತ್ತಿತ್ತ ಆಗಲಿಲ್ಲ.

ಒಂಬತ್ತು ಮುಗಿದ ಸಂಜೆ ಲಾಗ್ ಟೇಬಲ್ ಹಿಡಿದು ಕೂತೆ. ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಸ್ಕೇಲ್ ಇಟ್ಟೆ. ಒಂದೇ ಉಷ್ಣತೆಯ ಮೂರು ಗೆರೆ ಒಂದರ ಮೇಲೊಂದು ಕೂತವು, ಪೆನ್ಸಿಲ್ ಚೂಪು ಮಾಡದಿದ್ದರೆ ಬೇರೆ ಎಂದು ಗೊತ್ತೇ ಆಗುತ್ತಿರಲಿಲ್ಲ. ಎರಡನೆಯ ಗುಂಪೂ ಹಾಗೆಯೇ. ಕರೆಂಟು ಹೋದ ದಿನದ ಗೆರೆಯೂ. ನಾನು ಆಯಿಯನ್ನು ತಬ್ಬಿಕೊಂಡೆ. ನಮ್ಮ ಮನೆಯಲ್ಲಿ ಹಾಗೆಲ್ಲ ತಬ್ಬುವ ರೂಢಿ ಇರಲಿಲ್ಲ, ಅವಳು ಮುಜುಗರಪಟ್ಟು, “ಬಂಗಡೆ ನಾತ ಹೊಡೀತದೆ, ಬಿಡು,” ಎಂದಳು.

ಮೇ ಕೊನೆಯ ವಾರ ಪ್ರಬಂಧ ಒಪ್ಪಿಸಿದೆ. ಪ್ರೊಫೆಸರು ಗ್ರಾಫ್ ನೋಡಿ, ತಪ್ಪು ಎಲ್ಲಿತ್ತು ಎಂದು ಕೇಳಿದರು. ಮಜ್ಜಿಗೆಯ ಕಥೆ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕು, ಆಮೇಲೆ ಗಂಭೀರವಾಗಿ, ಅದನ್ನೂ ಬರಿ ಎಂದರು. ಎಣ್ಣೆ ಸಂಗ್ರಹಿಸುವ ಪಾತ್ರೆ ಪೂರ್ತಿ ಒಣಗಿರಬೇಕು, ಯಾಕೆ ಎಂದು ಎರಡು ಪುಟ ಬರೆದೆ. ಜೂನ್‌ನಲ್ಲಿ ಪ್ರಬಂಧ ಒಪ್ಪಿಸಿದ ಚೀಟಿ ತೋರಿಸಿದ್ದಕ್ಕೆ ಪ್ರಾಂಶುಪಾಲರು ಆರ್ಡರ್ ಕೊಟ್ಟರು. ದೀಪಾವಳಿ ಕಳೆದ ಮೇಲೆ ಮೌಖಿಕ ಪರೀಕ್ಷೆಯೂ ಆಗಿ ಪದವಿ ಬಂತು.

ಅಜ್ಜಿಗೆಂದು ಒಂದು ಒಳ್ಳೆಯ ಸೀರೆ ಕೊಂಡೆ. ಅದನ್ನು ಕೊಟ್ಟು, ಕಾಲಿಗೆ ನಮಸ್ಕರಿಸಿ, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದು ಹೇಳಿ ಬರುವುದು ಎಂದುಕೊಂಡು ಮಂಜಗುಣಿಗೆ ಹೋದೆ. ಅದೇ ಕೊನೆಯ ಭೇಟಿ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಇನ್ನು ಮೇಲೆ ಎಣ್ಣೆಯ ಕೆಲಸ ಇರಲಿಲ್ಲ, ಪಾಠ ಮಾಡಿಕೊಂಡು ಹಾಯಾಗಿರಬಹುದಿತ್ತು.

ಅಜ್ಜಿ ಹೊನ್ನೆ ಮರದ ಕೆಳಗೆ ಬಿದ್ದ ಕಾಯಿ ಆರಿಸುತ್ತಿದ್ದಳು. ನಾನು ಪಾಸಾದೆ ಅಜ್ಜಿ, ಕೆಲಸವೂ ಉಳಿಯಿತು ಎಂದೆ. ಅವಳಿಗೆ ಬಹಳ ಸಂತೋಷವಾಯಿತು. ನನ್ನ ಗಲ್ಲ ಹಿಡಿದು ನೋಡಿದಳು. ಆಮೇಲೆ ಕೇಳಿದಳು:

“ನೀ ಪಾಸಾದೆ, ಲಾಯಕ್ಕಾಯ್ತು. ಎಣ್ಣೆ ಎಂತ ಆಯ್ತು? ಬೋಟು ಓಡ್ತ್ಯೆ?”

“ಇಲ್ಲ ಅಜ್ಜಿ,” ಎಂದೆ. “ನಾನು ಹುಳಿ ಎಷ್ಟು ಬೇಗ ಇಳೀತದೆ ಅಂತ ಮಾತ್ರ ನೋಡಿದ್ದು. ಡೀಸೆಲ್ ಆಗೂಕೆ ಇನ್ನೊಂದು ಹಂತ ಇದೆ. ಎಂಜಿನ್‌ಗೆ ಹಾಕಿ ನೋಡ್ಲೇ ಇಲ್ಲ.”

“ಹಾಂಗಾರೆ ಅರ್ಧಕ್ಕೇ ಬಿಟ್ಟೆ.”

ಬೈಯುವ ದನಿಯಲ್ಲ. ಗದ್ದೆಯಲ್ಲಿ ಎಷ್ಟು ಸಾಲು ನಾಟಿ ಬಾಕಿ ಇದೆ ಎಂದು ಕೇಳುವ ಹಾಗೆ ಕೇಳಿದಳು. ಸೀರೆಯ ಪೊಟ್ಟಣ ನನ್ನ ಕೈಯಲ್ಲೇ ಇತ್ತು. ಆರು ತಿಂಗಳು ಒಂಬತ್ತು ಗೆರೆಗಳಿಗಾಗಿ ಅವಳ ದೇವರ ಎಣ್ಣೆಯನ್ನೂ ಒಯ್ದವಳು ನಾನು. ಆ ಎಣ್ಣೆಯಿಂದ ಬೋಟು ಓಡುತ್ತದೆ ಎಂದು ಅವಳು ನಂಬಿದ್ದಳು, ನಾನು ನನ್ನ ನೌಕರಿ ಉಳಿಯುತ್ತದೆ ಎಂದಷ್ಟೇ ನಂಬಿದ್ದೆ.

“ಈ ವರ್ಷ ಎಷ್ಟು ಒಣಗ್ಸೂದು?” ಎಂದಳು.

ನನ್ನ ಬಾಯಿಂದ ಬಂದ ಉತ್ತರ ನನಗೇ ಆಶ್ಚರ್ಯ ಹುಟ್ಟಿಸಿತು. “ಹೋದ ವರ್ಷದ ಎರಡರಷ್ಟು.”

“ಹಾಂಗಾರೆ ನಿಂತ್ಕಂಡು ಮಾತಾಡೂಕೆ ಹೊತ್ತಿಲ್ಲ,” ಎಂದಳು ಅಜ್ಜಿ. “ಆ ಬುಟ್ಟಿ ತಕ್ಕಂಡ್ ಬಾ.”